ಕೈಪಿಡಿಗೂ ಒಂದು ತಾರೀಖಿದೆ: ಮದ್ರಾಸಿನ 370/155 ಕಲಿಸುವ ಪಾಠ

ಒಂದು ಸರ್ವರನ್ನು ಪಾರ್ಟಿಷನ್‌ಗಳಾಗಿ ಹಂಚಿ, ಪ್ರತಿಯೊಂದಕ್ಕೂ ವರ್ಚುವಲ್ ಡಿಸ್ಕ್ ಕೊಡೋಣ ಅಂದ್ರೆ ಈಗಲೂ ಒಂದು ಮಾತು ಕೇಳಿಬರುತ್ತೆ: "ಡೇಟಾಬೇಸ್‌ಗೆ ಬೇಡ, ನಿಧಾನವಾಗುತ್ತೆ ಅಂತ ಕಂಪನಿಯ ಕೈಪಿಡಿಯಲ್ಲೇ ಇದೆ." ಸರಿ, ಆದ್ರೆ ಆ ಕೈಪಿಡಿ ಯಾವ ವರ್ಷದ್ದು?

ಇದು ಹಳೆಯ ಪ್ರಶ್ನೆ. 1973ರಲ್ಲಿ ಮದ್ರಾಸಿನ, ಅಂದ್ರೆ ಇಂದಿನ ಚೆನ್ನೈನ, ಐಐಟಿಗೆ ಪಶ್ಚಿಮ ಜರ್ಮನಿಯ ನೆರವಿನಿಂದ ಐಬಿಎಂ 370/155 ಬಂತು. ಪ್ರೊ. ಎಚ್. ಎನ್. ಮಹಾಬಲ ಅವರ ನೇತೃತ್ವದಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗ ಬೆಳೆದದ್ದೂ ಆ ದಿನಗಳಲ್ಲೇ. ಈ ಮಾದರಿಯನ್ನು 1970ರಲ್ಲಿ ಪ್ರಕಟಿಸಿದಾಗ ಅದರಲ್ಲಿ ವರ್ಚುವಲ್ ಸ್ಟೋರೇಜ್‌ಗೆ ಬೇಕಾದ ಸರ್ಕ್ಯೂಟೇ ಇರಲಿಲ್ಲ.

ವರ್ಚುವಲ್ ಸ್ಟೋರೇಜ್ ಅಂದ್ರೆ ಆಗ ಮೆಮೊರಿಯ ಮಾತು. ಅಡುಗೆ ಕಟ್ಟೆ ಚಿಕ್ಕದು, ಉಗ್ರಾಣ ದೊಡ್ಡದು. ಬೇಕಾದ್ದನ್ನು ಬೇಕಾದಾಗ ಯಂತ್ರವೇ ಡಿಸ್ಕಿನಿಂದ ತಂದಿಡುತ್ತೆ. ಪ್ರೋಗ್ರಾಮರ್ ಕೈಯಾರೆ ಜೋಡಿಸಿದಷ್ಟು ವೇಗ ಇದಕ್ಕೆಲ್ಲಿ ಬರಬೇಕು ಅನ್ನೋದು ಅಂದಿನ ನಂಬಿಕೆ. ಐಬಿಎಂನವರೇ ಆದ ಡೇವಿಡ್ ಸೇಯರ್ 1969ರಲ್ಲಿ ಅಳೆದ ಫಲಿತಾಂಶ ಪ್ರಕಟಿಸಿ, ಯಂತ್ರದ ಜೋಡಣೆ ಕೈಜೋಡಣೆಗೆ ಸರಿಸಮ ನಿಲ್ಲಬಲ್ಲದು ಅಂತ ತೋರಿಸಿದರು. ಆದರೆ ಒಂದು ಷರತ್ತು: ಮೆಮೊರಿ ಮೇಲೆ ವಿಪರೀತ ಹೊರೆ ಹಾಕಬಾರದು. ಹಾಕಿದರೆ ಯಂತ್ರ ಸಾಮಾನು ಸಾಗಿಸೋದರಲ್ಲೇ ಸುಸ್ತಾಗುತ್ತೆ. ಅದನ್ನು 1968ರಲ್ಲೇ ಪೀಟರ್ ಡೆನಿಂಗ್ ವಿವರಿಸಿದ್ದರು.

1972ರ ಆಗಸ್ಟ್‌ನಲ್ಲಿ ಕಂಪನಿಯೇ ತನ್ನ ದಾರಿ ಬದಲಿಸಿತು. ವರ್ಚುವಲ್ ಸ್ಟೋರೇಜ್ ಇರುವ 158, 168 ಮಾದರಿಗಳು ಬಂದವು. ಜೊತೆಗೇ ಬಂದದ್ದು ವಿಎಂ/370: ಒಂದೇ ಯಂತ್ರ ಹಲವು ಯಂತ್ರಗಳಂತೆ, ಪ್ರತಿಯೊಂದಕ್ಕೂ ಒಂದು 'ಮಿನಿಡಿಸ್ಕ್'. ಇಂದಿನ ಪಾರ್ಟಿಷನ್, ವರ್ಚುವಲ್ ಡಿಸ್ಕ್‌ಗಳ ಅಜ್ಜ ಇದೇ. 155 ಕೊಂಡಿದ್ದವರು ಅದೇ ಸೌಲಭ್ಯಕ್ಕೆ ಲಕ್ಷಾಂತರ ಡಾಲರ್ ತೆತ್ತು ಹೊಸ ಪೆಟ್ಟಿಗೆ ಹಾಕಿಸಬೇಕಾಯ್ತು. ಎರಡೇ ವರ್ಷದಲ್ಲಿ ಹಳೆ ಮಾತಿಗೆ ಬಿದ್ದ ಬೆಲೆ ಅದು.

1978ರಲ್ಲಿ ಐಬಿಎಂ ಭಾರತ ಬಿಟ್ಟು ಹೋಯ್ತು. ಸಲಹೆ ಕೊಟ್ಟವರು ಹೋದರೂ ಕೈಪಿಡಿ ಕಪಾಟಿನಲ್ಲಿ ಉಳಿಯುತ್ತೆ, ನೋಡಿ.

ಈಗ ನಮ್ಮ ಕಾಲಕ್ಕೆ ಬನ್ನಿ. ತಿರುಗುವ ಡಿಸ್ಕಿನಿಂದ ಓದೋಕೆ ಹಲವು ಮಿಲಿಸೆಕೆಂಡ್ ಬೇಕಿತ್ತು. ಫ್ಲ್ಯಾಶ್‌ಗೆ ಸುಮಾರು 100 ಮೈಕ್ರೋಸೆಕೆಂಡ್ ಸಾಕು. ಮಧ್ಯದ ವರ್ಚುವಲ್ ಪದರದ ಖರ್ಚು ಅಂದು ಡಿಸ್ಕಿನ ನಿಧಾನದಲ್ಲಿ ಮುಚ್ಚಿಹೋಗ್ತಿತ್ತು, ಇಂದು ಎದ್ದು ಕಾಣಬಹುದು. ಇತ್ತ ಪ್ರೊಸೆಸರ್‌ಗಳೂ ವೇಗವಾಗಿವೆ, ಆ ಖರ್ಚೇ ಕಡಿಮೆಯಾಗಿರಲೂಬಹುದು. ಹಾಗಾಗಿ 'ಬೇಡ' ಅನ್ನೋ ಹಳೆ ಸಲಹೆಯೂ ತಪ್ಪಬಹುದು, 'ಪರವಾಗಿಲ್ಲ' ಅನ್ನೋದೂ ತಪ್ಪಬಹುದು.

ಯಾವ ವರ್ಷ, ಯಾವ ಯಂತ್ರ, ಎಷ್ಟು ಹೊರೆ ಅಂತ ಕೇಳಿ. ಉತ್ತರ ಸಿಗದಿದ್ದರೆ ನಿಮ್ಮದೇ ಕೆಲಸ ಓಡಿಸಿ, ನೀವೇ ಅಳೆಯಿರಿ.