ತಾಮ್ರದ ಮೇಲೆ ಹಾಲು, ಮೊಸರು, ಉಪ್ಪು

ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿ ಅಂದ ಕೂಡಲೇ ಬಲ್ಲವರು ಚಾಲುಕ್ಯರ ಕಾಲದ ಕಲ್ಲೇಶ್ವರ ಗುಡಿಯ ಹೆಸರು ಹೇಳ್ತಾರೆ. ನಾನು ಹೇಳಹೊರಟಿರೋದು ಆ ಗುಡಿಗಿಂತಲೂ ಸುಮಾರು ಏಳುನೂರು ವರ್ಷ ಹಳೆಯದಾದ ಒಂದು ವ್ಯವಹಾರದ ಕಾಗದದ ಬಗ್ಗೆ. ಕಾಗದ ಅಂದೆ, ನಿಜಕ್ಕೂ ಅದು ತಾಮ್ರದ ಹಲಗೆಗಳು.

ಈ ಊರಲ್ಲಿ ಸಿಕ್ಕ ಈ ಶಾಸನ ಕಂಚಿಯ ಪಲ್ಲವ ದೊರೆ ಶಿವಸ್ಕಂದವರ್ಮನದು, ಕ್ರಿ.ಶ. 4ನೇ ಶತಮಾನದ್ದು. ಜರ್ಮನ್ ವಿದ್ವಾಂಸ ಬ್ಯೂಲರ್ ಇದನ್ನು 'ಎಪಿಗ್ರಾಫಿಯಾ ಇಂಡಿಕಾ'ದ ಮೊದಲ ಸಂಪುಟದಲ್ಲಿ ಪ್ರಕಟಿಸಿದರು. ಚಿಲ್ಲರೇಕಕೊಡುಂಕ ಅನ್ನೋ ಹಳ್ಳಿಯಲ್ಲಿ ಹಿಂದೆ ಕೊಟ್ಟಿದ್ದ ತೋಟದ ದಾನವನ್ನು ಖಾಯಂ ಮಾಡುವ ಆದೇಶ ಇದು.

ಈಗ ನೋಡಿ, ಆದೇಶ ಯಾರಿಗೆ? ರಾಜಕುಮಾರ, ಸೇನಾಪತಿಗಳಿಂದ ಶುರುವಾಗಿ ದನ ಕಾಯೋರ ತನಕ. ಏನು ಹೇಳುತ್ತೆ? 'ಸಕಲ ವಿನಾಯಿತಿಗಳು ಅನ್ವಯಿಸುತ್ತವೆ' ಅಂತಷ್ಟೇ ಬರೆದು ಕೈತೊಳೆದುಕೊಂಡಿಲ್ಲ. ಇಲ್ಲಿ ಹಾಲು, ಮೊಸರು ಕೇಳುವಂತಿಲ್ಲ, ಉಪ್ಪು, ಬೆಲ್ಲದ ಕಿರುಕುಳ ಕೊಡುವಂತಿಲ್ಲ, ಹುಲ್ಲು, ಕಟ್ಟಿಗೆ, ಸೊಪ್ಪು, ಹೂವು ಒಯ್ಯುವಂತಿಲ್ಲ, ಸರದಿ ಮೇಲೆ ಎತ್ತು ಹಿಡಿಯುವಂತಿಲ್ಲ. ಅಧಿಕಾರಿ ಬಾಗಿಲಿಗೆ ಬಂದು ಏನೇನು ಕೇಳಬಹುದೋ ಅದನ್ನೆಲ್ಲ ಹೆಸರಿಟ್ಟು ಬೇಡ ಅಂದಿದೆ. ಉತ್ಪನ್ನದಲ್ಲಿ ಯಾರಿಗೆ ಎಷ್ಟು ಪಾಲು ಅನ್ನೋದೂ ಹೆಸರು ಹಿಡಿದೇ ಇದೆ. ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಇದು ಒಳ್ಳೆಯ ಸ್ಪೆಸಿಫಿಕೇಶನ್!

ಭಾಷೆ ಪ್ರಾಕೃತ. ಅದು ಇಲ್ಲಿನ ದನಗಾಹಿಯ ಮನೆಮಾತು ಅಂತ ನಾನು ವಾದಿಸ್ತಿಲ್ಲ. ಆದರೆ ಆಗ ದಕ್ಷಿಣದಲ್ಲಿ ರಾಜರ ಕಚೇರಿ ನಡೀತಿದ್ದ ಭಾಷೆ ಅದು. ಸಂಸ್ಕೃತ ಬರೋದು ಕೊನೆಯ ಹಾರೈಕೆಯಲ್ಲಿ. ಅಲ್ಲಿ ಗೋವು, ಬ್ರಾಹ್ಮಣರ ಜೊತೆಗೆ ಬರೆದವನಿಗೆ, ಓದುವವರಿಗೆ, ಕೇಳುವವರಿಗೂ ಶುಭ ಕೋರಲಾಗಿದೆ. ಕೇಳುವವರು! ಓದು ಬಾರದವರ ಮುಂದೆ ಇದನ್ನು ಯಾರೋ ಗಟ್ಟಿಯಾಗಿ ಓದ್ತಾರೆ ಅನ್ನೋ ಎಣಿಕೆ ಬರೆದವರಿಗೆ ಇತ್ತು ಅಂತಲೇ ನನಗೆ ಅನ್ನಿಸೋದು.

ಈಗ ಅದೇ ಹಿರೇಹಡಗಲಿ ಸೀಮೆಯ ರೈತನೊಬ್ಬ ಸಾಲಕ್ಕೆ ಹೋದ ಅಂತಿಟ್ಟುಕೊಳ್ಳಿ. ಇಂಗ್ಲಿಷಿನ ಹತ್ತಾರು ಪುಟ, 'ಇಲ್ಲೊಂದು ಸಹಿ, ಅಲ್ಲೊಂದು ಸಹಿ'. ಪ್ರೊಸೆಸಿಂಗ್ ಶುಲ್ಕ, ವಿಮೆ, ದಂಡ ಎಲ್ಲವೂ ಒಳಗಿವೆ. ಅವನಿಗೆ ಗೊತ್ತಾಗೋದು ಹಣ ಕಡಿತವಾದ ಮೇಲೆ.

ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಒಂದು ನಿಯಮ ತಂತು. ಅಕ್ಟೋಬರ್ 1ರಿಂದ ಮಂಜೂರಾಗುವ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೂ, ಕರಾರಿಗೆ ಮೊದಲೇ 'ಮುಖ್ಯಾಂಶಗಳ ಹಾಳೆ' ಕೊಡಬೇಕು. ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ಅದರಲ್ಲಿ ಕಾಣಿಸದ ಶುಲ್ಕವನ್ನು ಅವನು ಸ್ಪಷ್ಟವಾಗಿ ಒಪ್ಪದೆ ಹಾಕುವಂತಿಲ್ಲ. ಹಾಲು, ಮೊಸರು, ಉಪ್ಪಿನ ಪಟ್ಟಿಯ ಕೆಲಸವನ್ನೇ ಈ ಹಾಳೆ ಮಾಡಬೇಕಾಗಿರೋದು. ಮುಂದಿನ ಸಲ ಸಹಿ ಹಾಕೋ ಮುಂಚೆ ಆ ಹಾಳೆಯನ್ನು ಕನ್ನಡದಲ್ಲೇ ಕೇಳಿ. ಓದೋಕೆ ಬಾರದಿದ್ದರೆ, ಕೌಂಟರ್‌ನಲ್ಲಿ ಕೂತವರಿಂದಲೇ ಗಟ್ಟಿಯಾಗಿ ಓದಿಸಿ.