ಒಂದೇ ಸ್ಟಾರ್, ಮೂರು ಊರು: ಗುಜರಾತಿನಲ್ಲಿ ಎಸಿ ಮತ್ತು ಕಟ್ಟಡಗಳ ವಿದ್ಯುತ್ ದಕ್ಷತೆ

2016ರ ಮೇ 20ರಂದು ಅಹಮದಾಬಾದಿನ ಉಷ್ಣಾಂಶ 48 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ಊರಿನ ಅಂಗಡಿಯಲ್ಲಿ ಸಿಗುವ ಎಸಿಯ ಸ್ಟಾರ್ ಲೇಬಲ್ ಮಾತ್ರ ವಡೋದರಾ, ಸೂರತ್, ಬೆಂಗಳೂರುಗಳಲ್ಲಿ ಸಿಗುವುದಕ್ಕಿಂತ ಬೇರೆಯಲ್ಲ. ಒಂದು ಯಂತ್ರವನ್ನು ಇನ್ನೊಂದರೊಡನೆ ಹೋಲಿಸಲು ಸ್ಟಾರ್ ಒಳ್ಳೆಯ ಅಳತೆ. ಮನೆಯ ಬಿಲ್ ಎಷ್ಟು ಬರುತ್ತದೆಂದು ತಿಳಿಯಲು ಅದೊಂದೇ ಸಾಲದು. ಊರಿನ ಹವೆಯನ್ನೂ ಮನೆಯ ಚಾವಣಿಯನ್ನೂ ಜೊತೆಗಿಟ್ಟು ಓದಬೇಕು.

ಇಂಧನ ದಕ್ಷತಾ ಬ್ಯೂರೋ ಸ್ಟಾರ್ ಲೇಬಲನ್ನು ಜಾರಿಗೆ ತಂದದ್ದು 2006ರಲ್ಲಿ. 2018ರಿಂದ ಕೋಣೆಯ ಎಸಿಗಳಿಗೆ ಐಎಸ್‌ಇಇಆರ್ ಎಂಬ ಋತುಮಾನ ಅನುಪಾತ ಕಡ್ಡಾಯವಾಯಿತು. ವರ್ಷಕ್ಕೆ 1600 ಗಂಟೆ ಓಡುವ ಯಂತ್ರ ಹೊರದೂಡುವ ಒಟ್ಟು ಶಾಖವನ್ನು ಅದು ತಿನ್ನುವ ಒಟ್ಟು ವಿದ್ಯುತ್ತಿನಿಂದ ಭಾಗಿಸಿದರೆ ಈ ಅನುಪಾತ ಸಿಗುತ್ತದೆ. 2022ರ ಜುಲೈ ಪಟ್ಟಿಯಂತೆ ಸ್ಪ್ಲಿಟ್ ಎಸಿಗೆ 3.80 ಇದ್ದರೆ ಮೂರು ಸ್ಟಾರ್, 5.00 ಮುಟ್ಟಿದರೆ ಐದು ಸಿಗುತ್ತಿತ್ತು. ಅಷ್ಟೇ ತಂಪಿಗೆ ಆ ಪಟ್ಟಿಯ ಐದರದ್ದು ಮೂರರದ್ದಕ್ಕಿಂತ ಶೇ. 24ರಷ್ಟು ಕಡಿಮೆ ವಿದ್ಯುತ್ ಬಳಸುತ್ತದೆ. ಲೇಬಲಿನ ಮೇಲಿನ ವರ್ಷವನ್ನೂ ನೋಡಲೇಬೇಕು: 2018ರಲ್ಲಿ 4.50ಕ್ಕೆ ಐದು ಸ್ಟಾರ್ ಸಿಗುತ್ತಿತ್ತು. 2022ರ ಪಟ್ಟಿಯಲ್ಲಿ ಅದೇ ಯಂತ್ರ ನಾಲ್ಕಕ್ಕೆ ಇಳಿಯಿತು.

ಆ 1600 ಗಂಟೆಗಳು ದೇಶದ ಹಲವು ನಗರಗಳ ಹವೆಯ ಸರಾಸರಿಯಿಂದ ಬಂದವು. ಹೊರಗಿನ ಉಷ್ಣಾಂಶ 24ರಿಂದ 43 ಡಿಗ್ರಿವರೆಗೆ ಹಂಚಿದೆಯಾದರೂ ಹೆಚ್ಚಿನ ಗಂಟೆಗಳು 35ರ ಕೆಳಗಿವೆ. ಹೊರಗೆ ಕಾವೇರಿದಷ್ಟೂ ಕಂಪ್ರೆಸರ್ ಹೆಚ್ಚು ದುಡಿಯಬೇಕು, ತಂಪು ಕೊಡುವ ಶಕ್ತಿಯೂ ಕುಗ್ಗುತ್ತದೆ. ಅಹಮದಾಬಾದಿನ ಮೇ ತಿಂಗಳ ಮಧ್ಯಾಹ್ನ ಯಂತ್ರ ತೋರುವ ದಕ್ಷತೆ ಲೇಬಲಿನದಕ್ಕಿಂತ ಕೆಳಗಿರುವುದು ಸಹಜ.

ಸೂರತ್‌ನ ತೊಡಕು ಬೇರೆ. ತಾಪಿ ನದಿಯ ದಂಡೆಯ, ಕಡಲಿಗೆ ಹತ್ತಿರದ ಈ ಊರಿನಲ್ಲಿ ಎಸಿ ಶಾಖದ ಜೊತೆ ತೇವವನ್ನೂ ಹೀರಬೇಕು. ಗಾಳಿಯಲ್ಲಿನ ಒಂದು ಲೀಟರ್ ನೀರನ್ನು ಹನಿಯಾಗಿಸಲು ಸುಮಾರು 0.68 ಕಿಲೋವ್ಯಾಟ್ ಗಂಟೆ ಶಾಖವನ್ನು ಹೊರತೆಗೆಯಬೇಕು. ಇನ್ವರ್ಟರ್ ಯಂತ್ರ ನಿಧಾನಗತಿಯಲ್ಲಿ ಓಡುವಾಗ ಒಳಗಿನ ಕಾಯಿಲ್ ಸಾಕಷ್ಟು ತಣ್ಣಗಾಗದೆ ತೇವ ಉಳಿದುಬಿಡಬಹುದು. ಆಗ ಸೆಕೆ ತಾಳದೆ ಜನ ರಿಮೋಟಿನಲ್ಲಿ ಉಷ್ಣಾಂಶ ಇಳಿಸುತ್ತಾರೆ, ಯೂನಿಟ್ ಏರುತ್ತದೆ. ತೇವ ಹೀರುವ ಗುಣವನ್ನು ಸ್ಟಾರ್ ತೋರಿಸುವುದಿಲ್ಲ. ಇದು ಲೇಬಲಿನ ದೊಡ್ಡ ಕೊರತೆಯೆಂದೇ ನನ್ನ ಅಭಿಪ್ರಾಯ.

ಕಟ್ಟಡದ ಸ್ಟಾರ್ ಅಳೆಯುವುದು ಇನ್ನೊಂದನ್ನು: ವರ್ಷಕ್ಕೆ ಒಂದು ಚದರ ಮೀಟರಿಗೆ ಖರ್ಚಾಗುವ ಯೂನಿಟ್. ಬಹುಪಾಲು ಎಸಿ ಇರುವ ಕಚೇರಿಗೆ, 2009ರ ಯೋಜನೆಯ ಪ್ರಕಾರ, ಬಿಸಿ–ಒಣ ವಲಯದಲ್ಲಿ ಐದು ಸ್ಟಾರ್ ಬೇಕೆಂದರೆ ಬಳಕೆ 80ರ ಕೆಳಗಿರಬೇಕು. ಬಿಸಿ–ತೇವ ವಲಯದಲ್ಲಿ 100ರ ಕೆಳಗೆ. ಇಲ್ಲಿ ಹವೆಗೆ ಲೆಕ್ಕವಿದೆ, ಎಸಿ ಲೇಬಲಿನಲ್ಲಿಲ್ಲದ ವಿವೇಕ ಇದು. ಆದರೆ ಅರ್ಧ ಖಾಲಿ ಬಿದ್ದ ಕಟ್ಟಡವೂ ಈ ಭಾಗಾಕಾರದಲ್ಲಿ ಮಿತವ್ಯಯಿಯಾಗಿ ಕಾಣುತ್ತದೆ. ಮನೆಗಳ ಪಾಲಿಗೆ 2018ರ ಇಕೋ ನಿವಾಸ್ ಸಂಹಿತಾ ನೇರವಾಗಿ ಗೋಡೆ, ಚಾವಣಿಗಳತ್ತ ನೋಡುತ್ತದೆ: ಶೀತ ವಲಯ ಬಿಟ್ಟು ಉಳಿದೆಡೆ, ಚಾವಣಿ ಹೊರತಾದ ಹೊರಕವಚದ ಮೂಲಕ ಒಳಬರುವ ಶಾಖ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು. ಬೆಂದ ಚಾವಣಿಯ ಕೆಳಗೆ ಐದು ಸ್ಟಾರ್ ಎಸಿ ಓಡಿಸುವುದು ತೂತುಬಿದ್ದ ಕೊಡಕ್ಕೆ ನೀರು ಸೇದಿದಂತೆ. 2013ರಲ್ಲಿ ಬಿಸಿಗಾಳಿ ಎದುರಿಸುವ ಕ್ರಿಯಾಯೋಜನೆ ತಂದ ಅಹಮದಾಬಾದ್ ನಗರಪಾಲಿಕೆ ಮುಂದೆ ಬಡವರ ಮನೆಗಳ ಚಾವಣಿಗೆ ಬಿಳಿ ಬಳಿಸಲು ಮುಂದಾದದ್ದಕ್ಕೆ ಎಸಿ ಕೊಳ್ಳಲಾಗದವರ ಜೀವದ ಚಿಂತೆಯೂ ಕಾರಣ.

ಎಷ್ಟು ತಂಪು ಬೇಕು ಎಂಬ ಮೂಲ ಪ್ರಶ್ನೆಗೂ ಉತ್ತರ ಹುಡುಕಿದ್ದು ಇದೇ ಊರು. ಅಲ್ಲಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಬೆಂಗಳೂರು ಸೇರಿ ಐದು ನಗರಗಳ ಕಚೇರಿ ನೌಕರರನ್ನು ಕೇಳಿ 'ಐಮ್ಯಾಕ್' ಮಾದರಿ ರೂಪಿಸಿದರು. ಹೊರಗಿನ ತಿಂಗಳ ಸರಾಸರಿ 33 ಡಿಗ್ರಿಯಿದ್ದಾಗ, ಕಿಟಕಿ ಮತ್ತು ಎಸಿ ಎರಡನ್ನೂ ಬಳಸುವ ಕಚೇರಿಯಲ್ಲಿ ಅದರ ಸೂತ್ರ ಕೊಡುವ ಹಿತದ ಉಷ್ಣಾಂಶ ಸುಮಾರು 27. ಎಸಿಗಳಿಗೆ 2020ರಿಂದ ಕಡ್ಡಾಯವಾದ ಆರಂಭಿಕ ಮಟ್ಟ 24.

ಅಹಮದಾಬಾದಿನಲ್ಲಿ ಸೆಪ್ಟ್ ಇದೆ. ವಡೋದರಾದ ಮಕರಪುರದಲ್ಲಿ 1974ರಿಂದ ವಿದ್ಯುತ್ ಉಪಕರಣಗಳನ್ನು ಪರೀಕ್ಷಿಸುವ ಇಆರ್‌ಡಿಎ ಇದೆ. ಮೂರೂ ಊರುಗಳ ಹವೆಗೆ ಪ್ರತ್ಯೇಕ ಗಂಟೆಪಟ್ಟಿ, ತೇವ ಹೀರುವ ಪ್ರಮಾಣ, 43 ಡಿಗ್ರಿಯಲ್ಲಿನ ದಕ್ಷತೆ, ಈ ಮೂರು ಅಂಕಿಗಳನ್ನು ಲೇಬಲಿಗೆ ಸೇರಿಸುವ ಕೆಲಸವನ್ನು ಗುಜರಾತಿನಿಂದಲೇ ಶುರುಮಾಡಬಹುದು.