ದತ್ತು ಹೋದ ‘ವೆಂಟ್’

ಇಂಗ್ಲಿಷು ಕಲಿಯತೊಡಗಿದ ಹುಡುಗನು ‘ವಾಕ್’ ಎಂಬುದಕ್ಕೆ ‘ವಾಕ್ಡ್’ ಎಂದು ಕಲಿತ ಧೈರ್ಯದಿಂದ ‘ಗೋ’ ಎಂಬುದಕ್ಕೆ ‘ಗೋಡ್’ ಎಂದು ಬರೆದರೆ, ಉಪಾಧ್ಯಾಯರು ಅದನ್ನು ಕೆಂಪು ಶಾಯಿಯಿಂದ ಹೊಡೆದು ‘ವೆಂಟ್’ ಎಂದು ತಿದ್ದುತ್ತಾರೆ. ಏಕೆಂದು ಕೇಳಿದರೆ, ‘ಅದು ಹಾಗೆಯೇ, ಬಾಯಿಪಾಠ ಮಾಡು’ ಎಂಬ ಉತ್ತರ. ಹುಡುಗನ ತರ್ಕದಲ್ಲಿ ದೋಷವೇನೂ ಇಲ್ಲ. ಇಂಗ್ಲಿಷರ ಮಕ್ಕಳೂ ಮಾತು ಕಲಿಯುವಾಗ ಹೀಗೆಯೇ ಹೇಳುತ್ತಾರೆ.

ನಮ್ಮಲ್ಲಿಯೂ ‘ಬರು–ಬಂದ’, ‘ಕೊಲ್ಲು–ಕೊಂದ’ ಉಂಟಷ್ಟೆ. ಆದರೆ ಅಲ್ಲಿ ಧಾತು ಒಂದೇ, ವೇಷ ಮಾತ್ರ ಬೇರೆ. ‘ಹೋಗು’ ಎಂಬುದು ‘ಹೋದ’ ಆಗುವಾಗ ಕಳೆದುಕೊಳ್ಳುವುದು ಒಂದು ಗಕಾರವನ್ನು. ‘ಗೋ’ ‘ವೆಂಟ್’ಗಳಿಗೋ ಒಂದಕ್ಷರದ ನಂಟೂ ಇಲ್ಲ. ಸಂಸ್ಕೃತ ಬಲ್ಲವರಿಗೆ ಇಲ್ಲಿ ‘ಪಶ್ಯತಿ–ದದರ್ಶ’ಗಳ ನೆನಪಾದೀತು. ಎರಡು ಧಾತುಗಳು ಕೂಡಿ ಒಂದೇ ಸಂಸಾರ ಹೂಡುವ ಇಂಥ ಏರ್ಪಾಡಿಗೆ ಜರ್ಮನ್ ವಿದ್ವಾಂಸ ಹರ್ಮನ್ ಓಸ್ಟ್‌ಹೋಫ್ 1899ರಲ್ಲಿ ಒಂದು ಪ್ರಬಂಧವನ್ನೇ ಮೀಸಲಿಟ್ಟನು.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ‘ಹೋಗು’ ಎಂಬುದಕ್ಕೆ ‘ಗಾನ್’ ಎಂದಿತ್ತು. ಅದರ ಭೂತರೂಪವು ಆಗಲೂ ಸ್ವಂತದ್ದಲ್ಲ, ‘ಎಯೋದೆ’ ಎಂಬ ಬೇರೊಂದು ಧಾತುವಿನ ಮಗು! ಇದು ಕ್ರಮೇಣ ಸವೆದು ‘ಯೇದೆ’, ‘ಯೋದೆ’ ಎಂದಾಯಿತು. (ನಮ್ಮ ‘ಗಮ್’ ಧಾತುವೇ ‘ಗೋ’ ಎಂದು ಊಹಿಸುವವರುಂಟು. ಕಿವಿಗೆ ಹಾಗೆ ತೋರಿದರೂ ಧ್ವನಿನಿಯಮಗಳ ಪ್ರಕಾರ ‘ಗಮ್’ಗೆ ದಾಯಾದಿಯಾಗುವುದು ‘ಬಾ’ ಎಂಬರ್ಥದ ‘ಕಮ್’.)

ಇದೇ ಕಾಲಕ್ಕೆ ‘ವೆಂಡನ್’ ಎಂಬ ಇನ್ನೊಂದು ಕ್ರಿಯಾಪದವಿತ್ತು. ತಿರುಗು, ತಿರುಗಿಸು ಎಂದು ಅದರ ಅರ್ಥ. ಸುತ್ತು ಎಂಬರ್ಥದ ‘ವೈಂಡ್’ಗೆ ಹತ್ತಿರದ ಬಂಧು. ದಾರಿಯಲ್ಲಿ ತಿರುಗುವವನು ನಡೆಯುತ್ತಲೇ ಇರುತ್ತಾನಲ್ಲವೆ? ಹೀಗೆ ತಿರುಗುವ ಮಾತು ಹೋಗುವ ಮಾತಾಯಿತು. ‘ಸೆಂಡ್–ಸೆಂಟ್’, ‘ಬೆಂಡ್–ಬೆಂಟ್’ಗಳಂತೆಯೇ ಇದರ ಭೂತರೂಪ ‘ವೆಂಟ್’. ತನ್ನ ತವರಿನಲ್ಲಿ ಅದು ಪೂರಾ ಕ್ರಮಬದ್ಧ. 14ನೆಯ ಶತಮಾನದ ಚಾಸರ್ ಕವಿಯಲ್ಲಿ ‘ಯೇದೆ’, ‘ವೆಂಟೆ’ ಎರಡೂ ದೊರೆಯುತ್ತವೆ. ಸುಮಾರು 1500ರ ಹೊತ್ತಿಗೆ ಸವೆದ ‘ಯೇದೆ’ಯ ಸ್ಥಾನಕ್ಕೆ ‘ವೆಂಟ್’ ದತ್ತುಪುತ್ರನಾಗಿ ಬಂದು ಕುಳಿತಿತು. ಹಳೆಯ ಪದಗಳ ಮೋಹವಿದ್ದ ಸ್ಪೆನ್ಸರನು ಆ ಶತಮಾನದ ಕೊನೆಯಲ್ಲಿ ಹಳೆಯದನ್ನು ಎತ್ತಿ ತಂದನಾದರೂ ಅದರ ವಂಶವನ್ನು ಮರೆತು, ಭೂತರೂಪವಾದ ‘ಯೀಡ್’ ಅನ್ನೇ ಮೂಲಧಾತುವಿನಂತೆ ಬಳಸಿದನು. ಸತ್ತ ಮಾತು ಕವಿಯ ಕೈಯಲ್ಲೂ ಹೀಗೆ ದಿಕ್ಕು ತಪ್ಪುವುದುಂಟು.

ಸ್ಕಾಟ್ಲೆಂಡಿನವರು ಬೇರೆ ದಾರಿ ಹಿಡಿದರು. ದತ್ತಕದ ಗೊಡವೆಗೆ ಹೋಗದೆ, ತಮ್ಮ ‘ಗೇ’ ಧಾತುವಿಗೆ ನೇರವಾಗಿ ಪ್ರತ್ಯಯ ಹಚ್ಚಿ ‘ಗೇಡ್’ ಎಂದರು. 18ನೆಯ ಶತಮಾನದ ರಾಬರ್ಟ್ ಬರ್ನ್ಸ್ ತನ್ನ ಹಾಡುಗಳಲ್ಲಿ ಅದನ್ನು ನಿಸ್ಸಂಕೋಚವಾಗಿ ಬಳಸಿದ್ದಾನೆ. ನಮ್ಮ ಹುಡುಗ ಮಾಡಿದ್ದೂ ಅದನ್ನೇ. ಬರ್ನ್ಸನಿಗೆ ಕೀರ್ತಿ ಬಂತು, ಹುಡುಗನಿಗೆ ಸೊನ್ನೆ.

ಮಗನನ್ನು ದತ್ತು ಕೊಟ್ಟ ‘ವೆಂಡ್’ ಏನಾಯಿತೆನ್ನುವಿರಾ? ಅದು ‘ವೆಂಡೆಡ್’ ಎಂಬ ಹೊಸ ಭೂತರೂಪವನ್ನು ಮಾಡಿಕೊಂಡು, ‘ತನ್ನ ದಾರಿ ಹಿಡಿದು ನಡೆದನು’ ಎಂಬರ್ಥದ ಒಂದು ನುಡಿಗಟ್ಟಿನಲ್ಲಿ ಇಂದಿಗೂ ಹೇಗೋ ಕಾಲ ಹಾಕುತ್ತಿದೆ.